ತಕರಾರಿಲ್ಲ

ಯಾರದೋ ಮನೆಯ ನಾಯಿ ಮತ್ತೆ ಬೊಗಳತೊಡಗಿತು.

"ದಯವಿಟ್ಟು ಎಲ್ಲರೂ ಮ್ಯೂಟ್ ಮಾಡ್ಕೊಳ್ಳಿ," ಎಂದು ಬ್ಲೇರ್ ನಾಲ್ಕನೆಯ ಸಲ ಹೇಳಿದ. ಹೇಳಿದ್ದೇ ತಡ, ಮಾತಾಡಬೇಕಾಗಿದ್ದ ಹವಾಮಾನ ಕಚೇರಿಯವನು ಮ್ಯೂಟ್ ಮಾಡಿಕೊಂಡು ಮಾಯವಾದ. ನಾಯಿ ಮಾತ್ರ ಬೊಗಳುತ್ತಲೇ ಇತ್ತು. ಅರ್ಲೀನ್ ಕ್ರೋವೆಲ್ ಕನ್ನಡಕ ತೆಗೆದು ಮೇಜಿನ ಮೇಲಿಟ್ಟು ಕಣ್ಣುಜ್ಜಿಕೊಂಡಳು. ಭಾನುವಾರ ಮಧ್ಯಾಹ್ನ ಎರಡು ಗಂಟೆ. ಹ್ಯಾಲಿಫ್ಯಾಕ್ಸ್ ನಗರದ ಆ ಎಂಟನೆಯ ಮಹಡಿಯಲ್ಲಿ ಮೀನುಗಾರಿಕೆ ಇಲಾಖೆಯ ಪ್ರಾದೇಶಿಕ ಮಹಾನಿರ್ದೇಶಕಿಯಾದ ಅವಳು ಮತ್ತು ಅವಳ ಕೈಕೆಳಗಿನ ಅಧಿಕಾರಿ ಬ್ಲೇರ್, ಇವರಿಬ್ಬರನ್ನು ಬಿಟ್ಟರೆ ನರಪಿಳ್ಳೆಯೂ ಇರಲಿಲ್ಲ. ಮೇಜಿನ ನಡುವೆ ಒಂದು ಫೋನು. ಫೋನಿನೊಳಗೆ ಹನ್ನೊಂದು ಬಂದರುಗಳ ಹನ್ನೊಂದು ಪ್ರತಿನಿಧಿಗಳು, ಒಂದು ನಾಯಿ.

ಮಾರನೆಯ ದಿನ ಬೆಳಿಗ್ಗೆ ಏಳಕ್ಕೆ ಲಾಬ್‌ಸ್ಟರ್ ಹಿಡಿಯುವ ಹಂಗಾಮು ಶುರುವಾಗಬೇಕು. ಒಂದೊಂದು ಬೋಟಿನ ಮೇಲೂ ಸಮುದ್ರಕ್ಕಿಳಿಸುವ ನಾನೂರು ಬೋನುಗಳನ್ನು ಮಾಳಿಗೆಯೆತ್ತರಕ್ಕೆ ಪೇರಿಸಿ ಹಗ್ಗ ಬಿಗಿದು ಆಗಿದೆ. ಮೊದಲು ಹೋದವನಿಗೆ ಒಳ್ಳೆಯ ಜಾಗ ಸಿಗುವುದರಿಂದ ಎಲ್ಲರೂ ಒಟ್ಟಿಗೇ ಹೊರಡಬೇಕು. ಗಾಳಿಯ ವೇಗ ಇಪ್ಪತ್ತೈದು ನಾಟ್ ಮೀರುವ ಹಾಗಿದ್ದರೆ ಯಾರೂ ಹೊರಡಬಾರದು. ಮೀರುತ್ತದೋ ಇಲ್ಲವೋ ಎಂಬ ಅನುಮಾನವಿದ್ದರೆ ಹಿಂದಿನ ದಿನ ಈ ಫೋನ್ ಸಭೆ. ಹನ್ನೊಂದರಲ್ಲಿ ಒಂದೇ ಒಂದು ಬಂದರು ಬೇಡವೆಂದರೂ ಹಂಗಾಮು ಮುಂದಕ್ಕೆ ಹೋಗುತ್ತದೆ. ಕಾಗದದ ಮೇಲೆ ಬಹಳ ಚಂದದ ನಿಯಮ. ಬರೆದ ಪುಣ್ಯಾತ್ಮನಿಗೆ ಈ ಕರಾವಳಿಯ ಗಂಡಸರ ಪರಿಚಯವಿರಲಿಲ್ಲ, ಅಷ್ಟೆ. ಮೊದಲು ಬೇಡವೆಂದವನು ಎಂಬ ಹೆಸರು ಹೊತ್ತುಕೊಂಡು ಇಲ್ಲಿ ಬಾಳುವುದಕ್ಕಿಂತ ಅವರು ಮುಳುಗಿ ಸಾಯುವುದಕ್ಕೂ ತಯಾರು.

ಹವಾಮಾನದವನು ಮತ್ತೆ ಕೇಳಿಸಿದ. "ಬೆಳಿಗ್ಗೆ ಹದಿನೈದು, ಹೆಚ್ಚಂದ್ರೆ ಇಪ್ಪತ್ತು ನಾಟ್. ಹತ್ತು ಗಂಟೆ ಮೇಲೆ ಆ ವಾಯುಭಾರ ಕುಸಿತ ದಡದ ಕಡೆ ತಿರುಗಿದ್ರೆ ಮೂವತ್ತೈದು. ಪೂರ್ವಕ್ಕೆ ಹೋಗಿಬಿಟ್ರೆ ಏನೂ ಇಲ್ಲ."

"ತಿರುಗುತ್ತೋ ಇಲ್ವೋ, ಅದು ಹೇಳು ಮಾರಾಯ," ಎಂದಿತು ಗಲ್ ಕೋವ್ ಬಂದರಿನ ವೆಂಡೆಲ್ ಗೋರಮ್‌ನ ಗಂಟಲು.

"ತಿರುಗಬಹುದು."

"ಬಹುದು ಅನ್ನೋದು ನನ್ನ ಹೆಂಡ್ತಿಗೂ ಬರುತ್ತೆ ಕಣಯ್ಯಾ. ಅವಳಿಗೆ ಸರ್ಕಾರ ಸಂಬಳ ಕೊಡಲ್ಲ ನೋಡು."

ಹನ್ನೊಂದೂ ಕಡೆಯಿಂದ ನಗು ಬಂತು. ಅರ್ಲೀನ್ ನಗಲಿಲ್ಲ. ಆ ಹೆಂಡತಿ ನಿನ್ನೆ ಬೆಳಿಗ್ಗೆಯೇ ಅವಳ ಮನೆಗೆ ಫೋನ್ ಮಾಡಿದ್ದಳು. "ಈ ಸಲ ನೀವೇ ಹೇಗಾದ್ರೂ ಮಾಡಿ ನಿಲ್ಲಿಸಿಬಿಡಿ. ನಾನು ಫೋನ್ ಮಾಡಿದ್ದು ಮಾತ್ರ ಅವರಿಗೆ ಗೊತ್ತಾಗೋದು ಬೇಡ." ಒಂದು ಗಂಟೆ ಕಳೆಯುವುದರಲ್ಲಿ ಗಂಡನೇ ಫೋನ್ ಮಾಡಿದ. ಅರ್ಲೀನಳ ಅಪ್ಪನ ಜೊತೆ ಬೋಟಿನಲ್ಲಿ ದುಡಿದವನು, ಅವಳನ್ನು ಮಗುವಾಗಿದ್ದಾಗಿನಿಂದ ಕಂಡವನು. "ಆಕಾಶ ಯಾಕೋ ಸರಿ ಇಲ್ಲಮ್ಮಾ. ಆದ್ರೆ ನಾನು ಹೇಳಿದೆ ಅಂತ ಎಲ್ಲೂ ಬಾಯಿ ಬಿಡಬೇಡ." ಸಂಜೆಯೊಳಗೆ ಇನ್ನೂ ಒಂಬತ್ತು ಬಂದರಿನವರು ಇದನ್ನೇ ಹೇಳಿದ್ದರು, ಬಾಯಿ ಬಿಡಬೇಡಿ ಎಂಬ ಬಾಲಂಗೋಚಿ ಸಮೇತ. ಇವರ ಗುಟ್ಟು ಬಚ್ಚಿಡುವುದಕ್ಕೇ ಇಲಾಖೆ ತನ್ನನ್ನು ಇಟ್ಟುಕೊಂಡಿದೆಯೇನೋ ಎಂದು ಅವಳಿಗೆ ಮೈಯೆಲ್ಲ ಉರಿದುಹೋಗಿತ್ತು. ಈಗ ನೋಡಿದರೆ ಎಲ್ಲರೂ ಹುಲಿಗಳು.

ಫೋನ್ ಮಾಡದೆ ಉಳಿದವಳೆಂದರೆ ಬೆಲ್ ಆನ್ಸ್ ಬಂದರಿನ ಒಡೆಟ್ ಸುರೆಟ್ ಒಬ್ಬಳೇ.

ಮೂರು ವರ್ಷದ ಹಿಂದೆ ಇಂಥದೇ ಭಾನುವಾರ, ಇದೇ ಮೇಜು. ಅಂದೂ ಗಾಳಿ ತಿರುಗಬಹುದು ಎಂದಿದ್ದರು. ಅಂದು ಬೆಲ್ ಆನ್ಸ್‌ನ ಪ್ರತಿನಿಧಿಯಾಗಿದ್ದವನು ಒಡೆಟ್‌ಳ ಗಂಡ ರೆಮಿ. "ನಮ್ಮದೇನೂ ತಕರಾರಿಲ್ಲ," ಎಂದು ಅವನೂ ಹೇಳಿದ. ಮರುದಿನ ಹನ್ನೊಂದು ಗಂಟೆಗೆ, ತಿರುಗಿದ ಗಾಳಿಗೆ ಸಿಕ್ಕ ಅವನ ಬೋಟು ಬೋನುಗಳ ಭಾರಕ್ಕೆ ಒಂದು ಮಗ್ಗುಲಿಗೆ ವಾಲಿ ಮಗುಚಿಕೊಂಡಿತು. ಜೊತೆಗಿದ್ದ ಇಬ್ಬರು ಸಿಕ್ಕಿದರು, ಅವನು ಸಿಗಲಿಲ್ಲ. ವಿಚಾರಣೆ ನಡೆದಾಗ ಅರ್ಲೀನ್ ಸಭೆಯ ನಡಾವಳಿಯನ್ನು ಮುಂದಿಟ್ಟಳು: ಹನ್ನೊಂದು ಹೆಸರು, ಹನ್ನೊಂದರ ಎದುರೂ 'ಆಕ್ಷೇಪಣೆ ಇಲ್ಲ'. ಇಲಾಖೆಯಿಂದ ಯಾವ ಲೋಪವೂ ಆಗಿಲ್ಲವೆಂದು ತೀರ್ಮಾನವಾಯಿತು. ಆ ವಾಕ್ಯ ಓದಿದ ದಿನ ಅವಳಿಗೆ ತನ್ನ ಮೇಲೆಯೇ ಹೇಸಿಗೆ ಹುಟ್ಟಿತ್ತು. ಒಡೆಟ್ ಆರು ತಿಂಗಳು ಯಾರಿಗೂ ಮುಖ ತೋರಿಸಲಿಲ್ಲ. ಆಮೇಲೆ ಗಂಡನ ಲೈಸೆನ್ಸು ತನ್ನ ಹೆಸರಿಗೆ ಮಾಡಿಸಿಕೊಂಡು, ಹಳೆಯ ಬೋಟೊಂದನ್ನು ಕೊಂಡು, ತಾನೇ ಚುಕ್ಕಾಣಿ ಹಿಡಿದಳು.

ಅದಕ್ಕೇ ಇಂದು ಬೆಳಿಗ್ಗೆ ಅರ್ಲೀನ್ ಬ್ಲೇರನಿಗೆ ಹೇಳಿದ್ದಳು: "ಈ ಸಲ ಬೆಲ್ ಆನ್ಸ್‌ನಿಂದ ಶುರು ಮಾಡು." ಒಡೆಟ್ ಬೇಡವೆನ್ನುತ್ತಾಳೆ. ಅವಳು ಬೇಡವೆಂದರೆ ಯಾವ ಗಂಡಸೂ ತುಟಿ ಪಿಟಕ್ಕೆನ್ನಲಾರ. ಸಭೆ ಐದು ನಿಮಿಷದಲ್ಲಿ ಮುಗಿಯುತ್ತದೆ. ಇಷ್ಟೇ ಲೆಕ್ಕಾಚಾರ.

ಕಿಸೆಯಲ್ಲಿ ಮೊಬೈಲು ಗುಂಯ್‌ಗುಟ್ಟಿತು. ರಾಜಧಾನಿ ಒಟ್ಟಾವಾದಿಂದ ಮಂತ್ರಿಗಳ ಆಪ್ತ ಸಹಾಯಕ ಎವಾನ್. 'ಬೆಲ್ ಆನ್ಸ್ ಧಕ್ಕೆಯಲ್ಲಿ ಮಂತ್ರಿಗಳು ಬೋಟುಗಳನ್ನು ಬೀಳ್ಕೊಡುವ ಕಾರ್ಯಕ್ರಮ ಖಚಿತವೇ? ಟಿವಿಯವರು ಕೇಳುತ್ತಿದ್ದಾರೆ.' ಇದು ಆ ದಿನದ ಏಳನೆಯ ಸಂದೇಶ. ಅವಳು ಮೊಬೈಲನ್ನು ಮುಖ ಕೆಳಗೆ ಮಾಡಿ ಮೇಜಿನ ಮೇಲೆ ಕುಕ್ಕಿದಳು.

"ಸರಿ, ಒಂದೊಂದೇ ಬಂದರು ಕೇಳ್ತೀನಿ," ಎಂದ ಬ್ಲೇರ್. "ಮೊದಲು ಬೆಲ್ ಆನ್ಸ್."

ಆ ಕಡೆ ಒಂದು ಪಾತ್ರೆ ಇಟ್ಟ ಸದ್ದಾಯಿತು. "ಬೆಲ್ ಆನ್ಸ್," ಎಂದಳು ಒಡೆಟ್. "ನಮ್ಮದೇನೂ ತಕರಾರಿಲ್ಲ."

ಬ್ಲೇರ್ ತಲೆಯೆತ್ತಿ ಅರ್ಲೀನಳನ್ನು ನೋಡಿದ.

"ಮೇಡಂ ಇದ್ದಾರಾ ಅಲ್ಲಿ?" ಒಡೆಟ್ ಕೇಳಿದಳು.

"ಇದೀನಿ ಒಡೆಟ್."

"ಯಾವತ್ತೂ ಗಲ್ ಕೋವ್‌ನಿಂದ ಕೇಳ್ತಿದ್ರಿ. ಇವತ್ತು ನನ್ನಿಂದ ಯಾಕೆ ಶುರು ಮಾಡಿದ್ರಿ?"

ಮೂವತ್ತು ವರ್ಷದ ಸರ್ಕಾರಿ ನೌಕರಿ ಕಲಿಸಿದ ಉತ್ತರಗಳಲ್ಲಿ ಒಂದನ್ನು ಅರ್ಲೀನ್ ಆರಿಸುವಷ್ಟರಲ್ಲಿ ಒಡೆಟ್ ತಾನೇ ಮುಂದುವರಿಸಿದಳು.

"ನಾನು ಬೇಡ ಅಂದ್ರೆ ಗಂಡ ಸತ್ತೋಳು, ಹೆದರ್ಕೊಂಡಿದಾಳೆ, ಪಾಪ ಅಂತಾರೆ. ಆಮೇಲೆ ನಾನು ಏನೇ ಹೇಳಿದ್ರೂ ಪಾಪವೇ. ನನ್ನ ಬೋಟಲ್ಲಿ ಇಬ್ಬರು ಕೆಲಸ ಮಾಡ್ತಾರೆ ಮೇಡಂ. ಪಾಪದವಳ ಬೋಟಿಗೆ ಮುಂದಿನ ವರ್ಷ ಯಾರು ಬರ್ತಾರೆ? ಬರ್ಕೊಳ್ಳಿ. ತಕರಾರಿಲ್ಲ."

ಆಮೇಲೆ ಕೇಳುವುದೇ ಬೇಡ. ಬೆಲ್ ಆನ್ಸ್‌ಗೇ ತಕರಾರಿಲ್ಲ ಅಂದ ಮೇಲೆ ನಮಗೇನು, ಎಂದ ಎರಡನೆಯವನು. ಮೂರನೆಯವನು ಅದಕ್ಕಿಂತ ಜೋರಾಗಿ ಹೇಳಿದ. ಒಬ್ಬ ಹೆಂಗಸು, ಅದೂ ರೆಮಿಯ ಹೆಂಡತಿ, ಹೊರಡುತ್ತೇನೆಂದ ಮೇಲೆ ಕರಾವಳಿಯಲ್ಲಿ ಯಾವ ಗಂಡು ಹಿಂಜರಿದಾನು? ಇದನ್ನು ಮಾಡಿಟ್ಟವಳು ಸ್ವತಃ ಅರ್ಲೀನ್. ಒಬ್ಬಳ ಹೆಗಲ ಮೇಲೆ ಬಂದೂಕಿಟ್ಟು ಹೊಡೆಯಲು ಹೋಗಿ ಗುಂಡು ಹನ್ನೊಂದು ಬಂದರಿಗೂ ತಗುಲಿತ್ತು. ಇವರ ಒಣ ಜಂಬಕ್ಕಿಂತ ತನ್ನ ಜಾಣತನವೇ ಹೆಚ್ಚು ಹೊಲಸು ಎಂದು ಅರ್ಲೀನಳಿಗೆ ಅನ್ನಿಸಿತು.

"ಗಲ್ ಕೋವ್?"

ವೆಂಡೆಲ್‌ನ ಹಿಂದೆ ನಾಯಿ ಬೊಗಳುತ್ತಿತ್ತು. ಅದು ಅವನದೇ ನಾಯಿ ಎಂದು ಆಗ ಗೊತ್ತಾಯಿತು. "ತಕರಾರಿಲ್ಲ," ಎಂದ.

ಬ್ಲೇರ್ ಹನ್ನೊಂದನೆಯ ಗುರುತು ಹಾಕಿದ. ನಿಯಮದ ಪ್ರಕಾರ ಇನ್ನು ಉಳಿದದ್ದು 'ಧನ್ಯವಾದ, ಎಲ್ಲರಿಗೂ ಒಳ್ಳೆಯ ಹಂಗಾಮಾಗಲಿ' ಎನ್ನುವುದೊಂದೇ. ಪ್ರಾದೇಶಿಕ ಮಹಾನಿರ್ದೇಶಕರು ತಮ್ಮ ವಿವೇಚನೆಯಿಂದ ಮುಂದೂಡಬಹುದು ಎಂದು ಕಟ್ಟಕಡೆಯಲ್ಲಿ ಒಂದು ಸಾಲಿತ್ತು. ಅದನ್ನು ಇಲ್ಲಿಯವರೆಗೆ ಯಾರೂ ಮುಟ್ಟಿರಲಿಲ್ಲ. ಮುಟ್ಟಿದ ಮೇಲೆ ಗಾಳಿ ಬರದೆ ಹೋದರೆ ಸಾವಿರ ಬೋಟುಗಳ ಮೊದಲ ದಿನದ ದುಡಿಮೆಯನ್ನು ಹಾಳು ಮಾಡಿದ ಅಪಕೀರ್ತಿ ಮುಟ್ಟಿದವರ ತಲೆಗೆ.

"ಒಂದು ನಿಮಿಷ," ಎಂದಳು ಅರ್ಲೀನ್. "ನನ್ನ ತಕರಾರಿದೆ."

"ಏನು?" ಎಂದಿತು ಯಾವುದೋ ಬಂದರು.

"ನಾಳೆ ಯಾರೂ ಹೊರಡೋ ಹಾಗಿಲ್ಲ. ಮಂಗಳವಾರ ಬೆಳಿಗ್ಗೆ ಏಳಕ್ಕೆ. ಇದು ನನ್ನ ಆದೇಶ. ಯಾರನ್ನೂ ಕೇಳಿ ಮಾಡಿದ್ದಲ್ಲ, ಯಾರೂ ಹೇಳಿ ಮಾಡಿಸಿದ್ದಲ್ಲ."

ಫೋನು ಹೊತ್ತಿಕೊಂಡಿತು. ಎಂಟನೇ ಮಹಡಿಯಿಂದ ಸಮುದ್ರ ಅಷ್ಟು ಚೆನ್ನಾಗಿ ಕಾಣುತ್ತಾ ಮೇಡಂ, ಎಂದರು. ನಿಮಗೆ ಗಾಳಿ ಬಂದ್ರೂ ಸಂಬಳ, ಬರದಿದ್ರೂ ಸಂಬಳ, ಎಂದರು. "ನಿಮ್ಮಪ್ಪ ಇದ್ದಿದ್ರೆ ನಾಚ್ಕೊಂಡು ಸಾಯ್ತಿದ್ದ ಕಣಮ್ಮಾ!" ಎಂದು ಎಲ್ಲರಿಗಿಂತ ಎತ್ತರದ ದನಿಯಲ್ಲಿ ಕಿರುಚಿದವನು ವೆಂಡೆಲ್. ಮೂರು ವರ್ಷದಿಂದ ಇಷ್ಟು ಹುರುಪಿನಲ್ಲಿ ಅವನು ಮಾತಾಡಿದ್ದನ್ನು ಅವಳು ಕೇಳಿರಲಿಲ್ಲ. ಇಪ್ಪತ್ತು ನಿಮಿಷ ಬೈದರು. ಆ ಇಪ್ಪತ್ತು ನಿಮಿಷದಲ್ಲಿ ಒಬ್ಬನಾದರೂ 'ಇನ್ನೊಂದು ಸಲ ಯೋಚನೆ ಮಾಡಿ' ಎನ್ನಲಿಲ್ಲ. ಬೈದವರಲ್ಲಿ ಒಡೆಟ್ ಇರಲಿಲ್ಲ.

ಎಲ್ಲರೂ ಫೋನಿಟ್ಟ ಮೇಲೆ ಬ್ಲೇರ್ ಪೆನ್ನು ಹಿಡಿದು ಕೇಳಿದ: "ನಡಾವಳಿಯಲ್ಲಿ ಏನಂತ ಬರೀಲಿ ಮೇಡಂ?"

"ಹನ್ನೊಂದು ಬಂದರು, ಆಕ್ಷೇಪಣೆ ಇಲ್ಲ. ಆಕ್ಷೇಪಣೆ ಇರೋರು, ಅರ್ಲೀನ್ ಕ್ರೋವೆಲ್."

"ಆ ಕಾಲಮ್ಮಿನಲ್ಲಿ ಬಂದರಿನ ಹೆಸರೇ ಹಾಕ್ಬೇಕು."

"ಹಾಗಾದ್ರೆ ಎಂಟನೇ ಮಹಡಿ ಅಂತ ಹಾಕು."

ಎವಾನ್ ಈ ಸಲ ಸಂದೇಶ ಬಿಟ್ಟು ನೇರ ಫೋನ್ ಮಾಡಿದ. "ನಂಗೆ ಅರ್ಥ ಆಗ್ಲಿಲ್ಲ. ಹನ್ನೊಂದು ಬಂದರೂ ಹೊರಡ್ತೀವಿ ಅಂದಿವೆ. ನೀವೊಬ್ಬರೇ ಬೇಡ ಅಂದ್ರಾ?"

"ಹೌದು."

"ಮಂತ್ರಿಗಳಿಗೆ ಏನಂತ ಹೇಳ್ಲಿ?"

"ಹಾಗೇ ಹೇಳಪ್ಪಾ. ಒಬ್ಬಳೇ ಬೇಡ ಅಂದ್ಲು ಅಂತ."

ಸೋಮವಾರ ಗಾಳಿ ಬರಲಿಲ್ಲ.

ಎಂಟು ಗಂಟೆಗೆ ಬೆಲ್ ಆನ್ಸ್‌ನ ಧಕ್ಕೆಯ ಮೇಲೆ ಒಂದು ಬಾವುಟವೂ ಅಲುಗುತ್ತಿರಲಿಲ್ಲ. ಒಂಬತ್ತಕ್ಕೂ ಇಲ್ಲ. ಹತ್ತೂವರೆಗೆ ಹವಾಮಾನದವನು ಫೋನ್ ಮಾಡಿ, ಕುಸಿತ ಪೂರ್ವಕ್ಕೆ ಹೊರಟುಹೋಯಿತು, ಕ್ಷಮಿಸಿ ಎಂದ. ಇವನ ಕ್ಷಮೆ ಯಾರಿಗೆ ಬೇಕಿತ್ತು. ಸಮುದ್ರ ತಟ್ಟೆಯಲ್ಲಿಟ್ಟ ನೀರಿನ ಹಾಗೆ ಬಿದ್ದಿತ್ತು. ಬೋನು ಹೊತ್ತ ಬೋಟುಗಳು ಕಟ್ಟಿದಲ್ಲೇ ನಿಂತಿದ್ದವು. ಮಂತ್ರಿಗಳು ಬರಲಿಲ್ಲ. ಆದರೂ ಇಲಾಖೆಯ ಮುಖವೊಂದು ಅಲ್ಲಿರಬೇಕು ಎಂದು ಎವಾನ್ ಹೇಳಿದ್ದ. ಬೈಸಿಕೊಳ್ಳುವುದಕ್ಕೆ ಎಂದು ಬಿಡಿಸಿ ಹೇಳಿರಲಿಲ್ಲ. ಅರ್ಲೀನ್ ಕಾರಿನಲ್ಲಿ ಹೀಟರ್ ಹಾಕಿಕೊಂಡು, ಕಿಟಕಿಯ ಗಾಜು ಇಳಿಸಿಕೊಂಡು ಕೂತಿದ್ದಳು. ಗಾಜು ಏರಿಸಿದರೆ ಹೆದರಿದಳು ಎನ್ನುತ್ತಾರೆ. ಹಾಳು ಜಂಬ ಅವಳ ರಕ್ತದಲ್ಲೂ ಇತ್ತು.

ವೆಂಡೆಲ್ ಹತ್ತು ಮೈಲಿಯಾಚೆಯ ಗಲ್ ಕೋವ್‌ನಿಂದ ಇದಕ್ಕೆಂದೇ ಬಂದಿದ್ದ. ಕಾರಿನ ಮುಂದೆ ನಿಂತು, ಎಲ್ಲರೂ ನೋಡುವಂತೆ ಬೆಂಕಿಕಡ್ಡಿ ಗೀರಿ ಮೇಲೆತ್ತಿ ಹಿಡಿದ. ಉರಿ ನೆಟ್ಟಗೆ ನಿಂತಿತು. "ನೋಡ್ರಪ್ಪಾ, ಮೇಡಂ ತರಿಸಿದ ಬಿರುಗಾಳಿ! ಟೋಪಿ ಗಟ್ಟಿಯಾಗಿ ಹಿಡ್ಕೊಳ್ಳಿ!"

ಧಕ್ಕೆಯೆಲ್ಲ ನಕ್ಕಿತು. ಇಳಿದು ಹೋಗಿ, ಶನಿವಾರ ನನಗೆ ಫೋನ್ ಮಾಡಿದವರೆಲ್ಲ ಕೈಯೆತ್ತಿ ಎನ್ನಬೇಕೆಂದು ಅರ್ಲೀನಳಿಗೆ ಆಸೆಯಾಯಿತು. ಆದರೆ ಕಾರಿನಿಂದ ಇಳಿಯಲಿಲ್ಲ.

ಆಗ ಗುಂಪಿನೊಳಗಿಂದ ಒಡೆಟ್ ಬಂದಳು. ರಬ್ಬರ್ ಬೂಟು, ಎಣ್ಣೆ ಮೆತ್ತಿದ ಜಾಕೀಟು, ಬರಿಗೈ. ನಗುತ್ತಿದ್ದವರು ದಾರಿ ಬಿಟ್ಟರು. ಅವಳು ಕಿಟಕಿಗೆ ಆತುಕೊಂಡು ನಿಂತಳು. ಅವಳ ಬೆನ್ನು ಇಡೀ ಧಕ್ಕೆಗೆ ಅಡ್ಡವಾಯಿತು.

"ಏನ್ ಮೇಡಂ, ನಾವು ಹನ್ನೊಂದು ಜನ ಕತ್ತೆಗಳಾ?" ಎಂದು ಹಿಂದಿನ ಸಾಲಿನವರಿಗೂ ಕೇಳುವಂತೆ ಕೂಗಿದಳು. "ನಮಗೆ ಸಮುದ್ರ ಗೊತ್ತಿಲ್ವಾ? ಒಂದು ದಿನ ಹಾಳು ಮಾಡಿದ್ರಲ್ಲ, ಯಾರು ತಂದ್ಕೊಡ್ತಾರೆ?"

"ಹಾಗೆ ಕೇಳು ಒಡೆಟ್!" ಎಂದ ವೆಂಡೆಲ್.

"ಮುಂದಿನ ಸಲ ಆದೇಶ ಹೊರಡಿಸೋ ಮುಂಚೆ ಒಂದು ಸಲ ಇಲ್ಲಿಗೆ ಬಂದು ನೀರಲ್ಲಿ ಕಾಲಿಟ್ಟು ನೋಡಿ! ಕುರ್ಚಿಯಲ್ಲಿ ಕೂತು ಗಾಳಿ ಅಳೀಬೇಡಿ!"

ಹಿಂದೆ ಚಪ್ಪಾಳೆ ಬಿತ್ತು. ಒಡೆಟ್‌ಳ ಬಲಗೈ ಯಾರಿಗೂ ಕಾಣದಂತೆ ಕಿಟಕಿಯೊಳಗೆ ಬಂದು, ತೊಡೆಯ ಮೇಲಿದ್ದ ಅರ್ಲೀನಳ ಮಣಿಕಟ್ಟನ್ನು ಹಿಡಿದುಕೊಂಡಿತ್ತು. ಹಗ್ಗ ಎಳೆದು ಎಳೆದು ಒರಟಾದ ಕೈ, ಮಂಜಿನಷ್ಟು ತಣ್ಣಗಿತ್ತು. ಹಿಡಿತ ಎಷ್ಟು ಬಿಗಿಯಿತ್ತೆಂದರೆ ಗಡಿಯಾರದ ಪಟ್ಟಿ ಅರ್ಲೀನಳ ಚರ್ಮಕ್ಕೆ ಒತ್ತಿ ನೋಯುತ್ತಿತ್ತು.

"ಇಂಥ ದಿನ ಮತ್ತೆ ಸಿಗುತ್ತಾ? ಹೇಳಿ, ಸಿಗುತ್ತಾ?" ಒಡೆಟ್ ಇನ್ನೂ ಜೋರಾಗಿ ಕೂಗಿದಳು.

"ಇಲ್ಲ," ಎಂದಳು ಅರ್ಲೀನ್.

ಹಿಡಿದ ಕೈ ಬಿಡದೆ ಒಡೆಟ್ ಬೈಯುತ್ತಲೇ ಇದ್ದಳು. ಹೀಟರಿನ ಬಿಸಿಯೆಲ್ಲ ತೆರೆದ ಕಿಟಕಿಯಿಂದ ಹೊರಗೆ ಹೋಗುತ್ತಿತ್ತು.