ಹದಿನಾಲ್ಕನೇ ಸಂಚಿಕೆಯ ಜಗಲಿ

ಭಾನುವಾರ ಬೆಳಿಗ್ಗೆ ಹನ್ನೊಂದು ಗಂಟೆಗೆ ಅಕ್ಬರಿ ಬೇಗಂ ಕನಕಪುರದಲ್ಲಿ ರುದ್ರಪ್ರಸಾದನ ಮನೆಯ ಮುಂದೆ ನಿಂತಿದ್ದರು. ಕೈಯಲ್ಲಿ ಆ ದಿನದ ಪುರವಣಿ ಇತ್ತು. ತಾವು ಮೂವತ್ತೈದು ವರ್ಷದ ಹಿಂದೆ ಕನ್ನಡಕ್ಕೆ ತಂದ ಕಾಮಿಕ್ಸ್ ಒಂದನ್ನು ಓದಬೇಡಿ ಎಂದು ಅದರಲ್ಲಿ ಅಚ್ಚಾಗಿತ್ತು.

ಬರೆದವನು ರುದ್ರಪ್ರಸಾದ್. ಲೇಖನದ ತಲೆಬರಹ ‘ನೆತ್ತರದೊರೆಯನ್ನು ಓದುವ ಕ್ರಮ’. ನೆತ್ತರದೊರೆ ಎಂದರೆ ‘ಬೆಳ್ಳಿಗರುಡ’ ಎಂಬ ಸೂಪರ್‌ಹೀರೋ ಕಾಮಿಕ್ಸ್‌ನಲ್ಲಿ ಬರುವ ರಕ್ತ ಹೀರುವ ಖಳ. ಸರಣಿ ಹೊರದೇಶದ್ದು, ಇಂಗ್ಲಿಷಿನದು. ಅದನ್ನು ರಾಮನಗರದ ಸಿದ್ದಯ್ಯ ಎಂಬವರು ತಮ್ಮ ಪ್ರೆಸ್ಸಿನಲ್ಲಿ ಕನ್ನಡದಲ್ಲಿ ಅಚ್ಚು ಹಾಕುತ್ತಿದ್ದರು. ಕೆಲವು ವರ್ಷ ನಡೆದು ನಿಂತುಹೋಯಿತು. ಈಗ ಬೆಂಗಳೂರಿನ ಪ್ರಕಾಶಕ ಅನಂತರಾಜು ಆ ಹಳೆಯ ಸಂಚಿಕೆಗಳನ್ನು ಒಂದೇ ಸಂಪುಟವಾಗಿ ತರುತ್ತಿದ್ದರು. ಯಾವುದು ಸೇರಬೇಕು, ಯಾವುದು ಬೇಡ ಎಂದು ಆರಿಸುವ ಕೆಲಸ ರುದ್ರಪ್ರಸಾದನದು. ಪುಟಗಳು ಮರುದಿನ ಅಚ್ಚಿಗೆ ಹೋಗಬೇಕಿತ್ತು.

ಲೇಖನ ಚೆನ್ನಾಗಿತ್ತು. ಅದೇ ಅಕ್ಬರಿ ಬೇಗಂ ಅವರ ಸಿಟ್ಟನ್ನು ಹೆಚ್ಚಿಸಿತ್ತು. ಮೂರನೇ ಸಂಚಿಕೆಯಿಂದ ಶುರುಮಾಡಿ, ದೊರೆ ಪೆಟ್ಟಿಗೆಯಿಂದ ಏಳುವುದು ಅಲ್ಲೇ ಎಂದು ಬರೆದಿದ್ದ. ಅದು ಸರಿ. ಒಂಬತ್ತರಲ್ಲಿ ಅವನು ಗರುಡನ ರಕ್ತ ಕುಡಿದು ಹಗಲಲ್ಲೂ ಓಡಾಡುವ ಬಲ ಪಡೆಯುತ್ತಾನೆ, ಆದ್ದರಿಂದ ಅದನ್ನು ಹನ್ನೊಂದಕ್ಕೆ ಮೊದಲೇ ಓದಿ ಎಂದಿದ್ದ. ಅದೂ ಸರಿ. ಆಮೇಲೆ ಈ ಸಾಲುಗಳಿದ್ದವು:

‘ಹದಿನಾಲ್ಕನ್ನು ಬಿಟ್ಟುಬಿಡಿ. ಕರೆಯದ ಮನೆಯೊಳಗೆ ನೆತ್ತರದೊರೆ ಕಾಲಿಡಲಾರ. ಅವನ ಕತೆಗೆಲ್ಲ ಇದೇ ನಿಯಮ. ಇಲ್ಲಿ ಅವನು ರಾತ್ರಿ ಒಬ್ಬ ಮುದುಕಿಯ ಬಾಗಿಲಿಗೆ ಬರುತ್ತಾನೆ. ಮೂಲದಲ್ಲಿ ಅವಳು ಅವನನ್ನು ಕರೆಯುವುದಿಲ್ಲ, ಅವನು ಬೆಳಗಿನವರೆಗೆ ಹೊರಗೇ ಉಳಿಯುತ್ತಾನೆ. ಕನ್ನಡದಲ್ಲಿ ಯಾರೋ ಅನುವಾದಕ ಆ ಮುದುಕಿಯ ಬಾಯಲ್ಲಿ “ಬನ್ನಿ, ಕೂತ್ಕಳಿ” ಎನ್ನಿಸಿದ್ದಾನೆ. ನಿಯಮವೇ ಗೊತ್ತಿಲ್ಲದವನ ಕೆಲಸ. ಹೊಸ ಸಂಪುಟದಲ್ಲಿ ಈ ಸಂಚಿಕೆ ಇರುವುದಿಲ್ಲ.’

ರುದ್ರಪ್ರಸಾದನ ತಾಯಿ ಬಸಮ್ಮ ಬಾಗಿಲಿಗೆ ಬಂದರು. ಕಾಟನ್ ಸೀರೆ, ಮಡಿಸಿದ ಛತ್ರಿ, ಬೆವೆತ ಮುಖ ನೋಡಿದರು.

“ಯಾಕವ್ವ ಬಿಸ್ಲಲ್ ನಿಂತ್ಕಂಡಿದ್ದೀರಿ? ಬನ್ನಿ ಒಳಿಕೆ.”

“ರುದ್ರಪ್ರಸಾದ್ ಅವರನ್ನ ನೋಡಬೇಕಿತ್ತು. ನಾನು ಅಕ್ಬರಿ ಬೇಗಂ ಅಂತ. ಚನ್ನಪಟ್ಟಣದಿಂದ ಬಂದೆ.”

ಬಸಮ್ಮನ ಕೈ ಬಾಗಿಲ ಚಿಲಕದ ಮೇಲೆ ಒಂದು ಕ್ಷಣ ನಿಂತಿತು. “ಓ. ಇಲ್ಲೇ ಕೂತ್ಕಳಿ, ಒಳ್ಳೆ ಗಾಳಿ ಬತ್ತದೆ,” ಎಂದು ಒಳಗಿಂದ ಚಾಪೆ ತಂದು ಜಗಲಿಯ ಮೇಲೆ ಹಾಸಿದರು. ಒಂದು ಲೋಟ ನೀರು, ತಟ್ಟೆಯಲ್ಲಿ ಬೆಲ್ಲ ತಂದಿಟ್ಟು ಮಗನನ್ನು ಕೂಗಿದರು.

ರುದ್ರಪ್ರಸಾದ್ ಬಂದು ಜಗಲಿಯ ಕಂಬಕ್ಕೆ ಒರಗಿ ನಿಂತ. ಅಕ್ಬರಿ ಬೇಗಂ ಪುರವಣಿಯನ್ನು ಅವನ ಮುಂದೆ ಹಿಡಿದರು.

“ಇದರಲ್ಲಿ ‘ಯಾರೋ ಅನುವಾದಕ’ ಅಂತ ಐತಲ್ಲ, ಅದು ನಾನು. ‘ಗೊತ್ತಿಲ್ಲದವನು’ ಅಂತ ಐತಲ್ಲ, ಅದೂ ನಾನೇ.”

“ಆ ಸಂಚಿಕೆಗಳಲ್ಲಿ ಅನುವಾದಕರ ಹೆಸರೇ ಇಲ್ಲ, ಮೇಡಂ. ನೀವೇ ಅನ್ನೋದಕ್ಕೆ ಆಧಾರ?”

“ಒಳ್ಳೆ ಪ್ರಶ್ನೆ. ಬರೆಯೋಕ್ ಮುಂಚೆ ಕೇಳಬೇಕಾಗಿತ್ತು. ಸಿದ್ದಯ್ಯನವರ ಸೊಸೆ ರಾಧಾಮಣಿ ರಾಮನಗರದಲ್ಲೇ ಇದ್ದಾರೆ. ಫೋನ್ ಮಾಡಪ್ಪ.”

ನಂಬರು ಕೊಟ್ಟರು. ಅವನು ಸ್ಪೀಕರ್ ಹಾಕಿ ಕೇಳಿದ.

“ಅಕ್ಬರಿ ಮೇಡಮ್ಮಾ?” ಎಂದರು ರಾಧಾಮಣಿ. “ಅವರು ಬರೀದೆ ಇನ್ಯಾರು ಬರೀತಾರೆ? ನಮ್ಮ ಮಾವನಿಗೆ ಇಂಗ್ಲಿಷಲ್ಲಿ ಸೈನ್ ಹಾಕಕ್ಕೇ ಅರ್ಧ ಗಂಟೆ ಬೇಕಾಗಿತ್ತು.”

“ಮತ್ತೆ ಹೆಸರು ಯಾಕೆ ಹಾಕಲಿಲ್ಲ?”

“ಆಗ ಯಾರ್ ಹೆಸರೂ ಹಾಕ್ತಿರ್ಲಿಲ್ಲ ಕಣಪ್ಪ. ಮಾವಂದು ಮಾತ್ರ ಇರ್ತಿತ್ತು.”

ರುದ್ರಪ್ರಸಾದ್ ಫೋನಿಟ್ಟ. ಹೆಸರಿನ ವಿಷಯ ಸರಿಪಡಿಸುತ್ತೇನೆ, ಪುಸ್ತಕದಲ್ಲಿ ಖಂಡಿತ ಹಾಕಿಸುತ್ತೇನೆ ಎಂದ. “ಆದರೆ ಹದಿನಾಲ್ಕರ ಬಗ್ಗೆ ನಾನು ಬರೆದಿರೋದು ತಪ್ಪಲ್ಲ, ಮೇಡಂ. ಮೂಲ ನನ್ನ ಹತ್ರ ಐತೆ. ಕರೆದರೆ ಅವನು ಒಳಗೆ ಬರಬಹುದು. ನಿಮ್ಮ ಮುದುಕಿ ಕರೆದುಬುಟ್ಟಳು, ಆದರೂ ಅವನು ಒಳಗೆ ಹೋಗಲಿಲ್ಲ. ಕತೆ ಅಲ್ಲಿಗೆ ಕೆಟ್ಟೋಯ್ತು.”

“ಹೆಸರು ಹಾಕಿ ಕತೆ ತೆಗೀತೀಯಾ? ಬರೀ ಹೆಸರು ಇಟ್ಕೊಂಡು ಏನ್ ಮಾಡಲಿ ನಾನು? ಇಪ್ಪತ್ತೆರಡು ಸಂಚಿಕೇಲಿ ನನ್ನದು ಅಂತ ಇರೋದು ಅದೊಂದೇ. ಮಿಕ್ಕಿದ್ದೆಲ್ಲ ಅವರದು, ನಾನು ಬರೀ ದಾಟಿಸಿದ್ದು.”

“ಅದನ್ನೇ ನಾನೂ ಹೇಳ್ತಾ ಇರೋದು. ಅನುವಾದಕರು ದಾಟಿಸಬೇಕು.”

“ಚನ್ನಪಟ್ಟಣದಲ್ಲಿ ಬಾಗಿಲಿಗೆ ಬಂದೋನ್ನ ಮಾತಾಡಿಸದೆ ಬೆಳಗಿನ ತನಕ ಬೀದೀಲಿ ನಿಲ್ಸೋ ಮುದುಕಿ ಯಾರಪ್ಪ ಇದ್ದಾಳೆ? ಹಂಗೇ ಬರೆದಿದ್ರೆ ಮಕ್ಕಳು ಆ ಮುದುಕೀನೇ ಪಿಶಾಚಿ ಅಂದ್ಕತಿದ್ರು. ನೀನು ಚಿತ್ರ ತೆಗಿ. ಅವನು ಎಲ್ಲಿ ಐದಾನೆ ಹೇಳು.”

ಅವನು ಫೋನಿನಲ್ಲಿ ಪುಟ ತೆಗೆದು ದೊಡ್ಡದು ಮಾಡಿದ. ಮೂರು ಮೆಟ್ಟಿಲು, ಅದರ ಮೇಲೆ ಕಟ್ಟೆ, ಮರದ ಕಂಬ, ಕಟ್ಟೆಯ ಮೇಲೂ ಚಾಚಿದ ಚಾವಣಿ. ಅರ್ಧ ತೆರೆದ ಬಾಗಿಲಲ್ಲಿ ಮುದುಕಿ. ಕಂಬದ ಪಕ್ಕ ದೊರೆ.

“ಬಾಗಿಲ ಹೊರಗೆ,” ಎಂದ.

“ಜಗಲಿ ಮೇಲೆ. ಬನ್ನಿ ಅಂದಳು. ಕೂತ್ಕಳಿ ಅಂದಳು. ನೀರು ತಗಳಿ ಅಂದಳು, ಬೆಲ್ಲ ತಗಳಿ ಅಂದಳು. ಒಳಗೆ ಬನ್ನಿ ಅಂದಳಾ? ಓದು ನೋಡು. ಎಲ್ಲೂ ಅಂದಿಲ್ಲ. ಮರ್ಯಾದೆ ಎಲ್ಲ ಸಿಕ್ತು ಅವನಿಗೆ. ಹೊಸಿಲು ದಾಟೋದೊಂದು ಸಿಗಲಿಲ್ಲ. ಬೆಳಗಾಗೋ ತನಕ ಅಲ್ಲೇ ಕೂತಿದ್ದ. ನಿನ್ನ ನಿಯಮ ಎಲ್ಲಿ ಮುರೀತು?”

ರುದ್ರಪ್ರಸಾದ್ ಆ ಪುಟದ ಮಾತುಗಳನ್ನು ಮೊದಲಿನಿಂದ ಓದಿದ. ಮುಂದಿನ ಪುಟವನ್ನೂ ಓದಿದ. ‘ಒಳಗೆ’ ಎಂಬ ಮಾತು ಎಲ್ಲೂ ಇರಲಿಲ್ಲ.

“ಇದು ನಿಮಗೆ ಹೊಳೆದಿದ್ದು ಹೆಂಗೆ?”

“ಹೊಳೀಲಿಲ್ಲ. ಕೂತಿದ್ದೆ.” ಅವರ ದನಿ ಏರಲಿಲ್ಲ. “ಮೂರು ತಾಲ್ಲೂಕಲ್ಲಿ ಕನ್ನಡ ಪಾಠ ಹೇಳಿದ್ದೀನಿ. ಜೊತೆ ಟೀಚರ್‌ಗಳ ಮನೆಗೆ ಹೋಗ್ತಿದ್ದೆ, ಮಕ್ಕಳ ಮನೆಗೆ ಹೋಗ್ತಿದ್ದೆ. ಮೇಡಂ ಬಂದ್ರು ಅಂತ ಓಡಿ ಬರೋರು. ಚಾಪೆ, ನೀರು, ಬೆಲ್ಲ, ಕಾಫಿ. ಎಲ್ಲ ಜಗಲಿಗೇ ಬತ್ತಿತ್ತು. ಒಬ್ಬರೂ ಒಂದು ಕೆಟ್ಟ ಮಾತಾಡಿದೋರಲ್ಲ. ಆ ಚಿತ್ರ ನೋಡಿದಾಗ ಇವನು ಎಲ್ಲಿ ನಿಂತಿದ್ದಾನೆ ಅಂತ ನಾನು ಯಾರನ್ನೂ ಕೇಳಬೇಕಾಗಿರಲಿಲ್ಲ.”

“ಈಗೆಲ್ಲ ಹಂಗಿಲ್ಲ, ಮೇಡಂ.”

ಅಕ್ಬರಿ ಬೇಗಂ ತಾವು ಕೂತಿದ್ದ ಚಾಪೆಯನ್ನು ನೋಡಿದರು. “ಹೆಸರು ಹೇಳೋಕ್ ಮುಂಚೆ ನಿಮ್ಮವ್ವ ಒಳಿಕೆ ಬನ್ನಿ ಅಂದ್ರು. ಹೇಳಿದ್ ಮೇಲೆ ಚಾಪೆ ಹೊರಕ್ ಬಂತು.”

ಬಸಮ್ಮ ಬಾಗಿಲಲ್ಲೇ ಇದ್ದರು. “ಗಾಳಿ ಬತ್ತದೆ ಅಂತ ಹಾಕ್ದೆ ಕಣವ್ವ,” ಎಂದರು.

“ಗಾಳಿ ಬತ್ತಾ ಐತೆ. ಅದು ಸುಳ್ಳಲ್ಲ.”

ಬಸಮ್ಮ ಸೆರಗಿಗೆ ಕೈ ಒರೆಸಿಕೊಂಡರು. “ಒಳಿಕ್ಕೇ ಬನ್ನಿ. ಒಸಿ ಊಟ ಮಾಡೀರಂತೆ. ಮುದ್ದೆ ಆಗೈತೆ.”

“ಈಗ ಬೇಡ ಕಣವ್ವ. ನಾನೇ ಹೇಳಿ ಕರೆಸ್ಕೊಂಡು ಒಳಿಕೆ ಬರೋದು ನನಗೆ ಬೇಡ.” ಆಮೇಲೆ ಮಗನ ಕಡೆ ತಿರುಗಿದರು. “ಪುಸ್ತಕ ನಾಳೆ ಅಚ್ಚಿಗೆ ಹೋಗ್ತದೆ ಅಂತ ನೀನೇ ಬರೆದಿದ್ದೀಯ. ಈಗ ಫೋನ್ ಮಾಡು. ನನ್ನ ಮುಂದೆ ಮಾಡು.”

ರುದ್ರಪ್ರಸಾದ್ ತಾಯಿಯ ಮುಖ ನೋಡಲಿಲ್ಲ. ಅನಂತರಾಜುಗೆ ಫೋನ್ ಮಾಡಿ ಹದಿನಾಲ್ಕನ್ನು ಸೇರಿಸಬೇಕು ಎಂದ.

“ಏನ್ಲಾ, ಬೆಳಿಗ್ಗೆ ತಾನೇ ಪೇಪರಲ್ಲಿ ಉಗಿದಿದ್ದೀಯ,” ಎಂದ ಅನಂತರಾಜು. ಇಬ್ಬರೂ ಕಾಲೇಜಿನಿಂದ ಗೆಳೆಯರು. “ಈಗ ಏನಾಯ್ತು?”

“ಅನುವಾದ ಸರಿಯಾಗೈತೆ. ನಾನೇ ಸರಿಯಾಗಿ ಓದಿರಲಿಲ್ಲ.”

“ಕಾರಣ ಹೇಳೋ. ಲೇಖನ ಪುಸ್ತಕದಲ್ಲೂ ಹಾಕ್ತೀವಿ, ತಿದ್ದಬೇಕಲ್ಲ.”

ಜಗಲಿಯಲ್ಲಿ ಮೂವರೂ ಇದ್ದರು. “ಬರೆದು ಕಳಿಸ್ತೀನಿ,” ಎಂದು ರುದ್ರಪ್ರಸಾದ್ ಫೋನಿಟ್ಟ.

“ಕಾರಣ ಬರೀ,” ಎಂದರು ಅಕ್ಬರಿ ಬೇಗಂ. “ತಪ್ಪು ಅಂತ ಬರೆಯೋವಾಗ ಎಷ್ಟು ಬಿಡಿಸಿ ಬರೆದಿದ್ಯೋ ಅಷ್ಟೇ ಬಿಡಿಸಿ ಬರೀ.”

ಬರೆಯುತ್ತೇನೆ ಎಂದ. ಅವರು ಛತ್ರಿ ತೆಗೆದುಕೊಂಡು ಮೆಟ್ಟಿಲಿಳಿದು ಬಸ್‌ಸ್ಟ್ಯಾಂಡಿನ ಕಡೆ ನಡೆದರು. ಲೋಟದ ನೀರು ಹಾಗೇ ಇತ್ತು.

ಸಂಪುಟ ಎರಡು ತಿಂಗಳ ನಂತರ ಬಂತು. ಹದಿನಾಲ್ಕನೇ ಸಂಚಿಕೆ ಅದರಲ್ಲಿದೆ, ಒಂದು ಮಾತೂ ಬದಲಾಗಿಲ್ಲ. ಅನುವಾದ: ಅಕ್ಬರಿ ಬೇಗಂ, ಚನ್ನಪಟ್ಟಣ ಎಂದು ಒಳಪುಟದಲ್ಲಿದೆ. ಕೊನೆಯಲ್ಲಿರುವ ‘ನೆತ್ತರದೊರೆಯನ್ನು ಓದುವ ಕ್ರಮ’ದಲ್ಲಿ ಹದಿನಾಲ್ಕರ ಮುಂದೆ ಒಂದು ಸಾಲು ಇದೆ: ‘ಇದನ್ನು ತಪ್ಪದೆ ಓದಿ, ಇಲ್ಲಿ ಅನುವಾದಕಿ ಮೂಲವನ್ನು ನಮ್ಮ ನೆಲಕ್ಕೆ ಚೆಂದವಾಗಿ ಒಗ್ಗಿಸಿದ್ದಾರೆ.’ ಜಗಲಿಯ ವಿಷಯ ಬರೆದಿಲ್ಲ.