ಒಂದು ಬೆರಳು ಸಡಿಲ

ಚಳಿ ಮುಗಿದು ಬಿಸಿಲಿಗೆ ಇನ್ನೂ ಕಾವು ಹತ್ತದಿದ್ದ ದಿನಗಳು. ಮಂಗಳವಾರ, ಬೆಳಿಗ್ಗೆ ಒಂಬತ್ತೂವರೆ ಇರಬಹುದು. ನಾನು ಕಿಟಕಿಯ ಬಳಿ ಕೂತು ಸೂಜಿಗೆ ದಾರ ಪೋಣಿಸಲು ಹೋಗಿ ಮೂರನೆಯ ಸಲ ಸೋತಿದ್ದೆ. ನನ್ನ ತಮ್ಮ ಬಾಗಿಲಲ್ಲಿ ಬಂದು ನಿಂತ. ಕೈಯಲ್ಲಿ ಸೈಕಲ್ ಹೆಲ್ಮೆಟ್, ಹಣೆಯ ಮೇಲೆ ಹೊಲಿಗೆ ಬಿಚ್ಚಿದ ಐದು ಕೆಂಪು ಗುರುತು. ಹಿಂದೆಯೇ ಅವನ ಹೆಂಡತಿ. ಚಪ್ಪಲಿ ಬಿಡುವ ಮೊದಲೇ ಅವಳ ಮಾತು ಶುರುವಾಗಿತ್ತು.

"ಅಕ್ಕಾ, ನೀವೇ ನೋಡಿ ಹೇಳಿಬಿಡಿ. ಈ ತಲೆ ಮೇಲೆ ಹೆಲ್ಮೆಟ್ ಅನ್ನೋದು ನಿಲ್ಲುತ್ತೋ ಇಲ್ವೋ? ನಿಲ್ಲಲ್ಲ ಅಂದ್ರೆ ಇವರ ಸೈಕಲ್ ಕಥೆ ಇಲ್ಲಿಗೆ ಮುಗೀತು."

"ಮುಂದಿನ ಚಕ್ರ ಬಿಚ್ಚಿ ಬಚ್ಚಿಟ್ಟಿದಾಳೆ ಕಣಕ್ಕ," ಅಂದ ತಮ್ಮ. "ಎಲ್ಲಿಟ್ಟಿದಾಳೋ ದೇವರಿಗೇ ಗೊತ್ತು."

"ದೇವರಿಗೂ ಹೇಳಿಲ್ಲ," ಅಂದಳು ಅವಳು.

ತಮ್ಮ ಮೂವತ್ತಮೂರು ವರ್ಷ ಬಸ್ಸು ಓಡಿಸಿದವನು. ನಿವೃತ್ತನಾದ ಮೇಲೆ ಒಂದು ತಿಂಗಳು ಅಡುಗೆಮನೆಯಿಂದ ಪಡಸಾಲೆಗೆ, ಪಡಸಾಲೆಯಿಂದ ಅಡುಗೆಮನೆಗೆ ಹೊತ್ತು ತಪ್ಪದೆ ಓಡಾಡಿದ. ಆಮೇಲೆ ಒಂದು ದಿನ ತೆಳ್ಳಗಿನ ಟೈರಿನ, ಟಗರಿನ ಕೊಂಬಿನ ಹಾಗೆ ಬಾಗಿದ ಹ್ಯಾಂಡಲಿನ ಸೈಕಲ್ ತಂದು ನಿಲ್ಲಿಸಿದ. ಅವನಂಥವರೇ ಇನ್ನೂ ನಾಲ್ಕು ಜನ ಸೇರಿಕೊಂಡರು. ಬರುವ ಭಾನುವಾರ ಆ ಐದು ಜನ ಕಡಲ ದಂಡೆಯ ದೀಪಸ್ತಂಭದವರೆಗೆ ಹೋಗಿ ಬರುವುದೆಂದು ನಿಶ್ಚಯವಾಗಿತ್ತು. ಹೋಗಿ ಬರಲು ನೂರಹತ್ತು ಕಿಲೋಮೀಟರು. ಚಳಿಗಾಲ ಪೂರ್ತಿ ಅವನು ಅದಕ್ಕೇ ಕಾಲು ಪಳಗಿಸಿದ್ದ.

ತಿಂಗಳ ಹಿಂದೆ ಹಾಲಿನ ಡಿಪೋ ತಿರುವಿನಲ್ಲಿ ಒದ್ದೆ ಎಲೆಗಳ ಮೇಲೆ ಚಕ್ರ ಜಾರಿತು. ನಡೆಯುವವನಿಗಿಂತ ಜೋರಾಗಿ ಏನೂ ಹೋಗುತ್ತಿರಲಿಲ್ಲ. ಆದರೂ ಬೀಳುವಾಗ ಹೆಲ್ಮೆಟ್ ಹಿಂದಕ್ಕೆ ಮಗುಚಿ, ಬರಿಯ ಹಣೆ ರಸ್ತೆಗೆ ತಾಗಿತು.

"ಹೆಲ್ಮೆಟ್ ತಲೆ ಮೇಲೇ ಇತ್ತು," ಅಂದ ತಮ್ಮ.

"ತಲೆ ಮೇಲಿತ್ತು, ಹಣೆ ಮೇಲಿರ್ಲಿಲ್ಲ," ಅಂದಳು ಹೆಂಡತಿ. "ನೆಟ್ಟಗೆ ಹಾಕ್ಕೊಳ್ಳಲ್ಲ ಇವರು. ಯಾವುದನ್ನೂ ನೆಟ್ಟಗೆ ಮಾಡಲ್ಲ. ಅಕ್ಕ ಸರಿ ಅಂದ್ರೆ ಚಕ್ರ ಕೊಡ್ತೀನಿ. ಇಲ್ಲಾಂದ್ರೆ ದೀಪಸ್ತಂಭ ಇದ್ದಲ್ಲೇ ಇರಲಿ, ನೀವೂ ಇದ್ದಲ್ಲೇ ಇರಿ."

ನನ್ನನ್ನೇ ಕೇಳಲು ಕಾರಣ ಇತ್ತು. ನಾನು ಮೂರನೆಯ ತರಗತಿ ದಾಟಿದವಳಲ್ಲ, ಆದರೆ ಮೂವತ್ತೆಂಟು ವರ್ಷ ಸಮವಸ್ತ್ರದ ಕಾರ್ಖಾನೆಯಲ್ಲಿ ಟೋಪಿ ಹೊಲಿದಿದ್ದೇನೆ. ಬಸ್ಸಿನವರು, ಕಾವಲಿನವರು, ಬ್ಯಾಂಡಿನವರು, ಎಲ್ಲರ ತಲೆಗೂ ಟೇಪು ಸುತ್ತಿದ್ದೇನೆ. ಈ ತಮ್ಮನ ಡ್ರೈವರ್ ಟೋಪಿಗಳೂ ನನ್ನ ಕೈಯವೇ. ಹೋದ ವರ್ಷ ಹೆಲ್ಮೆಟ್ ಕೊಳ್ಳುವಾಗಲೂ ಅವನು ಮೊದಲು ನನ್ನ ಹತ್ತಿರ ಬಂದು ತಲೆ ಅಳೆಸಿಕೊಂಡೇ ಹೋಗಿದ್ದ. ನಾನು ಐವತ್ತೊಂಬತ್ತು ಸೆಂಟಿಮೀಟರು ಎಂದು ಚೀಟಿಯಲ್ಲಿ ಬರೆದುಕೊಟ್ಟಿದ್ದೆ. ಅವನು ಆ ಚೀಟಿ ತೋರಿಸಿ 'ದೊಡ್ಡ' ಅಳತೆಯದು ತಂದಿದ್ದ.

ಹೆಲ್ಮೆಟ್ಟನ್ನು ಮಡಿಲಲ್ಲಿ ಇಟ್ಟುಕೊಂಡೆ. ಅದುವರೆಗೆ ಅದನ್ನು ಸರಿಯಾಗಿ ನೋಡಿಯೇ ಇರಲಿಲ್ಲ. ಒಣಗಿದ ಸೋರೆಬುರುಡೆಯಷ್ಟು ಹಗುರ. ಮೇಲೆ ತೆಳುವಾದ ಚಿಪ್ಪು, ಒಳಗೆ ಬಿಳಿಯ ಗಟ್ಟಿ ನೊರೆಯಂಥದ್ದು, ಗಾಳಿಗೆಂದು ಉದ್ದುದ್ದ ಕಂಡಿಗಳು. ಹಿಂದೆ ಒಂದು ತಿರುಗಣೆ. ತಿರುಗಿಸಿದರೆ ಒಳಗಿನ ಪಟ್ಟಿ ಬಿಗಿಯಾಗುತ್ತದೆ. ನಮ್ಮ ಕಾಲದಲ್ಲಿ ಟೋಪಿಗೆ ಇಂಥದ್ದೊಂದು ಇದ್ದಿದ್ದರೆ ಎಷ್ಟು ಹೊಲಿಗೆ ಉಳಿಯುತ್ತಿತ್ತು ಎಂದುಕೊಂಡೆ. ಬೆರಳಿನಿಂದ ಒಳಗೆಲ್ಲ ಸವರುತ್ತಾ ಹೋದೆ. ಹಣೆಯ ಮೆತ್ತೆಯ ಹಿಂದೆ ಏನೋ ತಡೆಯಿತು. ಎಳೆದೆ. ನಾಲ್ಕು ಮಡಿಕೆಯ ದಿನಪತ್ರಿಕೆಯ ಪಟ್ಟಿ. ಬೆವರಿಗೆ ನೆನೆದು, ಒಣಗಿ, ಮತ್ತೆ ನೆನೆದು ಹಪ್ಪಳದಂತಾಗಿತ್ತು.

"ಇದೇನೋ ಗುಂಡ?" ಅಂದೆ. ಚಿಕ್ಕಂದಿನಿಂದ ಅವನನ್ನು ಗುಂಡ ಎಂದೇ ಕರೆಯುತ್ತೇನೆ. ತಲೆ ಅಷ್ಟು ದುಂಡಗೆ.

ಅವನು ಕಿಟಕಿಯಾಚೆ ನೋಡಿದ. "ಪೇಪರ್ರು."

"ಪೇಪರ್ರು ಅಂತ ನನಗೂ ಕಾಣುತ್ತೆ. ಇಲ್ಲಿ ಯಾಕಿದೆ?"

"ಸ್ವಲ್ಪ ಸಡಿಲ ಇತ್ತು ಅಕ್ಕ. ತಿರುಗಣೆ ಕೊನೇವರೆಗೂ ತಿರುಗಿಸಿದ್ರೂ ಅಲ್ಲಾಡ್ತಿತ್ತು. ಅದಕ್ಕೇ… ಮೊದಲಿಂದ ಅಭ್ಯಾಸ ಅಲ್ವಾ."

"ಮೊದಲಿಂದ ಅಂದ್ರೆ?"

ಅವನ ಹೆಂಡತಿಯೇ ಹೇಳಿದಳು. "ಡ್ರೈವರ್ ಟೋಪಿಗೂ ಇಡ್ತಿದ್ರಲ್ಲ ಅಕ್ಕಾ! ಪ್ರತಿ ಸೋಮವಾರ ಹೊಸ ಪೇಪರ್ರು ಮಡಚಿ ಕೊಡ್ತಿದ್ದಿದ್ದು ನಾನೇ. ಎಲ್ಲ ಡ್ರೈವರ್‌ಗಳೂ ಹೀಗೇ ಮಾಡ್ತಾರೆ ಅಂದ್ಕೊಂಡಿದ್ದೆ. ನಿಮಗೆ ಗೊತ್ತಿರ್ಲಿಲ್ವಾ?"

ನನಗೆ ಗೊತ್ತಿರಲಿಲ್ಲ. ಮೂವತ್ತಮೂರು ವರ್ಷದಲ್ಲಿ ಅವನಿಗೆ ಒಟ್ಟು ಹನ್ನೊಂದು ಟೋಪಿ ಹೊಲಿದಿದ್ದೆ. ಪ್ರತಿ ಸಲವೂ ಅವನು ತಲೆಗಿಟ್ಟುಕೊಂಡು, ಕನ್ನಡಿ ನೋಡಿ, "ಅಚ್ಚಿಗೆ ಹೊಯ್ದ ಹಾಗಿದೆ ಅಕ್ಕ" ಎಂದು ಹೇಳಿಯೇ ಹೋಗಿದ್ದ.

"ಯಾಕೋ ಹೇಳಲಿಲ್ಲ?"

"ಹೇಳಿದ್ರೆ ನೀನು ಬಿಚ್ಚಿ ಮತ್ತೆ ಹೊಲೀತಿದ್ದೆ. ರಾತ್ರಿಯೆಲ್ಲ ಕಣ್ಣು ಹಾಳು ಮಾಡ್ಕೊಂಡು. ಪೇಪರ್ ಇಟ್ರೆ ಆಗೋ ಕೆಲಸಕ್ಕೆ."

ಟೇಪು ತಂದೆ. "ಕೂತ್ಕೋ" ಅಂದೆ. ಹುಬ್ಬಿನ ಮೇಲೆ ಒಂದು ಬೆರಳು ಬಿಟ್ಟು, ಕಿವಿಯ ಮೇಲಿಂದ, ಹಿಂದಲೆಯ ಉಬ್ಬಿನ ಮೇಲೆ ಸುತ್ತಿ ತಂದು ಹಣೆಯಲ್ಲಿ ಸೇರಿಸಿದೆ. ಐವತ್ತೊಂಬತ್ತು. ಸರಿಯಾಗಿಯೇ ಇದೆಯಲ್ಲ, ಮತ್ತೆ ಸಡಿಲ ಹೇಗೆ? ಇನ್ನೊಮ್ಮೆ ಸುತ್ತಿದೆ. ಮತ್ತೆ ಐವತ್ತೊಂಬತ್ತು. ತಮ್ಮನ ಹೆಂಡತಿ ಪಕ್ಕಕ್ಕೆ ಬಂದು ಬಗ್ಗಿ ನೋಡಿದಳು.

"ಅಕ್ಕಾ, ಒಳಗೆ ನಿಮ್ಮ ಬೆರಳಿದೆಯಲ್ಲ."

ನೋಡಿದೆ. ಹೌದು. ಟೇಪಿಗೂ ಅವನ ಹಣೆಗೂ ನಡುವೆ ನನ್ನ ಎಡಗೈಯ ತೋರುಬೆರಳು ತೂರಿಕೊಂಡಿತ್ತು. ಅದು ಯಾವಾಗ ಒಳಗೆ ಹೋಯಿತೋ ನನಗೇ ತಿಳಿದಿರಲಿಲ್ಲ. ಅದು ಅಲ್ಲೇ ಹುಟ್ಟಿದ ಹಾಗಿತ್ತು.

ಕೆಲಸಕ್ಕೆ ಸೇರಿದ ಮೊದಲ ವಾರ ನಮ್ಮ ಮೇಸ್ತ್ರಿ ಕಲಿಸಿದ್ದು ಅದು. "ಒಂದು ಬೆರಳು ಸಡಿಲ ಬಿಡು ಮಗಳೇ. ಬಟ್ಟೆ ಒಗೆತಕ್ಕೆ ಕುಗ್ಗುತ್ತೆ, ತಲೆ ಮಧ್ಯಾಹ್ನದ ಬಿಸಿಲಿಗೆ ಊದುತ್ತೆ. ಟೋಪಿ ಬಿಗಿಯಾದ್ರೆ ತಲೆನೋವು ಬರೋದು ಅವರಿಗೆ, ಬೈಗುಳ ಬರೋದು ನಮಗೆ." ನಾನು ಬೆರಳು ತೆಗೆದರೆ ಮೇಸ್ತ್ರಿ ಕೈಗೆ ಸ್ಕೇಲಿನಲ್ಲಿ ತಟ್ಟುತ್ತಿದ್ದ. ಆಮೇಲೆ ತಟ್ಟಬೇಕಾಗಲಿಲ್ಲ. ಆದರೆ ತಮ್ಮನ ಟೋಪಿಯ ಬಟ್ಟೆ ಮೊದಲೇ ನೆನೆಸಿ ಕುಗ್ಗಿಸಿದ್ದು. ಅದು ಮತ್ತೆ ಕುಗ್ಗುತ್ತಿರಲಿಲ್ಲ. ಇನ್ನು ಈ ಹೆಲ್ಮೆಟ್ಟನ್ನು ಯಾರು ಒಗೆದು ಕುಗ್ಗಿಸುತ್ತಾರೆ?

ಬೆರಳು ಎಳೆದುಕೊಂಡು ಟೇಪು ಬಿಗಿ ಮಾಡಿದೆ. ಐವತ್ತೇಳೂವರೆ.

ತಮ್ಮನ ಹೆಂಡತಿ ತಿಂಗಳಿಡೀ ಅವನ ಬೇಜವಾಬ್ದಾರಿ ಎಂದು ಬೈದಿದ್ದಳು. ಅವನು ಬೈಸಿಕೊಂಡಿದ್ದ. ನಾನು ಬಾಯಿ ಬಿಡದಿದ್ದರೂ ನಡೆಯುತ್ತಿತ್ತು.

"ನೋಡಮ್ಮ," ಅಂದೆ ಅವಳಿಗೆ. "ಬಿದ್ದಿದ್ದು ಇವನು. ಹಣೆ ಒಡೆದಿದ್ದು ನನ್ನ ಬೆರಳಿಂದ. ಅಳತೆ ತಪ್ಪು ಕೊಟ್ಟಿದ್ದು ನಾನು."

"ಬಿಡಕ್ಕ, ನೀನೇನು—"

"ನೀನು ಸುಮ್ನಿರೋ."

ಅವಳು ನನ್ನನ್ನೂ ಟೇಪನ್ನೂ ನೋಡಿದಳು. ಸಿಟ್ಟೂ ಬರಲಿಲ್ಲ, ನಗುವೂ ಬರಲಿಲ್ಲ. "ಹಾಗಾದ್ರೆ ಇನ್ನು ನೀವು ಸರಿ ಅಂದ್ರೂ ನಾನು ಹೇಗೆ ನಂಬಲಿ ಅಕ್ಕಾ?"

ನ್ಯಾಯವಾದ ಪ್ರಶ್ನೆ. ತಮ್ಮನ ಮುಖ ಸಣ್ಣದಾಯಿತು. ದೀಪಸ್ತಂಭ ಅವನ ಕಣ್ಣೆದುರೇ ದೂರ ಸರಿದಂತಿತ್ತು.

"ನಂಬಬೇಡ," ಅಂದೆ. "ನೀನೂ ಬಾ. ಮೂರೂ ಜನ ಹೋಗೋಣ. ನೀನೇ ಕೈಯಿಟ್ಟು ನೋಡು."

ಗುರುವಾರ ಸಂಜೆ ಸೈಕಲ್ ಅಂಗಡಿಗೆ ಹೋದೆವು. ಅಂಗಡಿಯವಳು ನಲವತ್ತು ದಾಟಿದ ಹೆಂಗಸು, ಉಗುರಿನ ಸಂದಿಯಲ್ಲೆಲ್ಲ ಗ್ರೀಸು. ಹಳೆಯ ಹೆಲ್ಮೆಟ್ಟನ್ನು ಬೆಳಕಿಗೆ ಹಿಡಿದು ಒಳಗಿನ ನೊರೆಯಲ್ಲಿ ಕೂದಲೆಳೆಯಂಥ ಬಿರುಕು ತೋರಿಸಿದಳು. "ಇದು ಒಂದು ಸಲ ಪೆಟ್ಟು ತಿಂದಾಯ್ತು ಅಜ್ಜಿ. ಇನ್ನೊಂದು ಸಲಕ್ಕೆ ಬರಲ್ಲ."

"ಹೊಲಿಯೋಕೆ ಆಗಲ್ವಾ?" ಎಂದು ಕೇಳಿಯೇಬಿಟ್ಟೆ. ಅವಳು ನಕ್ಕಳು. ನನಗೆ ನಿಜವಾಗಿಯೂ ತಿಳಿದುಕೊಳ್ಳಬೇಕಿತ್ತು.

ಅಳತೆಯನ್ನು ತಮ್ಮನ ಹೆಂಡತಿಯೇ ಹೇಳಿದಳು. "ಐವತ್ತೇಳೂವರೆ. ಬೆರಳಿಲ್ಲದೆ." ಅಂಗಡಿಯವಳು ಮಧ್ಯಮ ಅಳತೆಯ ಒಂದು ಹೆಲ್ಮೆಟ್ ಕೊಟ್ಟಳು. ತಮ್ಮ ಇಟ್ಟುಕೊಂಡ. ಎರಡು ನಿಮಿಷಕ್ಕೇ ಕಿವಿಯ ಮೇಲೆ ಎರಡೂ ಪಕ್ಕ ಒತ್ತುತ್ತದೆ ಅಂದ. ನಾನು ಹಣೆಯ ಕಡೆ ನೋಡಿದರೆ ಅಲ್ಲಿ ಬೆರಳು ಹೋಗುವಷ್ಟು ಜಾಗ. ಪಕ್ಕದಲ್ಲಿ ಬಿಗಿ, ಮುಂದೆ ಸಡಿಲ! ಅಳತೆ ಒಂದೇ ಆಗಿರುವಾಗ ಇದು ಹೇಗೆ ಎಂದು ಅದನ್ನು ತೆಗೆದುಕೊಂಡು ತಿರುವಿ ಹಿಡಿದು ನೋಡಿದೆ. ಬಾಯಿ ಮೊಟ್ಟೆಯ ಹಾಗೆ ಉದ್ದಕ್ಕಿತ್ತು. ನನ್ನ ತಮ್ಮನ ತಲೆ ಕಿತ್ತಳೆ. ಬಟ್ಟೆಯ ಟೋಪಿಯನ್ನು ಎಂಥ ತಲೆಗಿಟ್ಟರೂ ಅದು ಆ ತಲೆಯ ಆಕಾರಕ್ಕೆ ಬರುತ್ತದೆ. ಅದಕ್ಕೇ ಮೂವತ್ತೆಂಟು ವರ್ಷ ಸುತ್ತಳತೆಯೊಂದೇ ಸಾಕಾಗಿತ್ತು ನನಗೆ. ಈ ನೊರೆ ಯಾರ ಮಾತನ್ನೂ ಕೇಳುವಂಥದ್ದಲ್ಲ.

"ದುಂಡನೆ ತಲೆಗೆ ಯಾವುದಿದೆ?" ಅಂದೆ.

"ಗುಂಡ ಅಂತ ಸುಮ್ನೆ ಕರೆದಿಲ್ಲ," ಅಂದಳು ತಮ್ಮನ ಹೆಂಡತಿ.

"ಅಂಗಡೀಲಿ ಮರ್ಯಾದೆ ತೆಗೀಬೇಡಿ ಇಬ್ರೂ," ಅಂದ ಅವನು.

ನಾಲ್ಕನೆಯದು ಬೂದು ಬಣ್ಣದ್ದು, ಬಾಯಿ ದುಂಡಗಿತ್ತು. ಅದು ಅವನ ತಲೆಯ ಮೇಲೆ ಕೂತಾಗ ಹಣೆ, ಕಿವಿಯ ಮೇಲು, ಹಿಂದಲೆ ಎಲ್ಲ ಕಡೆಯೂ ಮೆತ್ತೆ ಒಂದೇ ಸಮ ತಾಗಿತು. ಮುಂದಿನ ಅಂಚು ಹುಬ್ಬಿನಿಂದ ಎರಡು ಬೆರಳು ಮೇಲೆ, ನೆಲಕ್ಕೆ ಸಮನಾಗಿ. ಅಂಗಡಿಯವಳು ತಿರುಗಣೆ ತಿರುಗಿಸಿ, "ಗಲ್ಲದ ಪಟ್ಟಿ ಹಾಕದೆ ಬಗ್ಗಿ ತಲೆ ಕೊಡವಿ" ಅಂದಳು. ಅವನು ಕೊಡವಿದ. ಬೀಳಲಿಲ್ಲ.

"ನೀವೇ ಅಲ್ಲಾಡಿಸಿ ನೋಡಿ," ಎಂದು ಅವಳು ತಮ್ಮನ ಹೆಂಡತಿಗೆ ಹೇಳಿದಳು. "ಹೆಲ್ಮೆಟ್ ಜೊತೆ ಹಣೆ ಚರ್ಮ, ಹುಬ್ಬು ಎಲ್ಲಾ ಹೋಗ್ಬೇಕು. ಹೆಲ್ಮೆಟ್ ಒಂದೇ ಹೋದ್ರೆ ಸಡಿಲ ಅಂತ."

ಅವಳು ಎರಡೂ ಕೈಯಲ್ಲಿ ಹಿಡಿದು ಎಡಕ್ಕೆ ಬಲಕ್ಕೆ ಅಲ್ಲಾಡಿಸಿದಳು. ಅವನ ಹುಬ್ಬುಗಳು ಎಡಕ್ಕೆ ಬಲಕ್ಕೆ ಓಡಿದವು. ಅವಳಿಗೆ ನಗು ತಡೆಯಲಾಗಲಿಲ್ಲ. ಮತ್ತೊಂದು ಸಲ ಅಲ್ಲಾಡಿಸಿದಳು, ಅದು ಪರೀಕ್ಷೆಗಾಗಿ ಅಲ್ಲ. ಆಮೇಲೆ ಹಿಂದಕ್ಕೆ ನೂಕಿದಳು, ಬಿದ್ದ ದಿನ ಅದು ಮಗುಚಿದ ಹಾಗೆ. ಈ ಸಲ ಜೋರಾಗಿಯೇ ನೂಕಿದಳು. ಅದು ಕದಲಲಿಲ್ಲ. ಅವಳ ನಗು ನಿಂತಿತ್ತು. ಮೂರು ಸಲ ನೂಕಿ ಕೈ ಬಿಟ್ಟಳು.

ಪಟ್ಟಿಗಳನ್ನು ಕಿವಿಯ ಕೆಳಗೆ ಸೇರಿಸಿ, ಗಲ್ಲದ ಕೊಂಡಿ ಹಾಕಿ, ಅಂಗಡಿಯವಳು ಬಾಯಿ ದೊಡ್ಡದಾಗಿ ತೆರೆಯಲು ಹೇಳಿದಳು. ತೆರೆದಾಗ ಹೆಲ್ಮೆಟ್ ನೆತ್ತಿಯನ್ನು ಸ್ವಲ್ಪ ಒತ್ತಿತು. ಹಾಗೆಯೇ ಇರಬೇಕಂತೆ. ಕಾಲು ಗಂಟೆ ಹಾಗೇ ಕೂತಿರು ಅಂದೆ ನಾನು. ಕೂತ. ಎಲ್ಲೂ ನೋಯಲಿಲ್ಲ ಅಂದ.

ಆಗ ನನ್ನ ಕೈ ಅವನ ಹಿಂದಲೆಯ ಕಡೆ ಹೋಯಿತು. ತಿರುಗಣೆಯನ್ನು ಒಂದೇ ಒಂದು ಸುತ್ತು ಸಡಿಲಿಸಿದರೆ ಉಸಿರಾಡಲು ಹಾಯಾಗಿರುತ್ತದೆ ಎಂದು ಕೈಗೆ ಅನ್ನಿಸಿತ್ತು, ನನಗಲ್ಲ.

"ಅಕ್ಕಾ, ಕೈ!" ಎಂದಳು ತಮ್ಮನ ಹೆಂಡತಿ.

ಕೈ ಹಿಂದಕ್ಕೆ ತೆಗೆದುಕೊಂಡೆ. ಅಂಗಡಿಯವಳ ಹತ್ತಿರ ಸ್ಕೇಲು ಇರಲಿಲ್ಲ, ನನ್ನ ಪುಣ್ಯ.

"ನೀನು ಹೇಳು," ಅಂದೆ ತಮ್ಮನ ಹೆಂಡತಿಗೆ. "ಸರಿನಾ?"

"ನೀವು?"

"ನನಗೆ ಸರಿ ಅನ್ಸುತ್ತೆ. ಸ್ವಲ್ಪ ಬಿಗಿ ಅನ್ಸುತ್ತೆ."

"ನಿಮಗೆ ಬಿಗಿ ಅನ್ಸಿದ್ರೆ ಅದು ಸರಿಯಾಗಿದೆ ಅಂತ ಅರ್ಥ," ಎಂದಳು. ಚಕ್ರದ ಮಾತು ಎತ್ತಲಿಲ್ಲ. ಅವನೂ ಕೇಳಲಿಲ್ಲ. ಮನೆಗೆ ಹೋಗುವ ದಾರಿಯುದ್ದಕ್ಕೂ ಅವನು ಹೆಲ್ಮೆಟ್ ತೆಗೆಯಲೇ ಇಲ್ಲ, ನಾವು ಬಸ್ಸಿನಲ್ಲಿ ಹೋಗುತ್ತಿದ್ದರೂ.

ಭಾನುವಾರ ಬೆಳಕು ಹರಿಯುವ ಮುಂಚೆಯೇ ಅವರ ಮನೆಗೆ ಹೋದೆ. ಅಂಗಳದಲ್ಲಿ ಸೈಕಲ್ ಮುಂದಿನ ಚಕ್ರವಿಲ್ಲದೆ ಮೂಗು ನೆಲಕ್ಕೂರಿ ನಿಂತಿತ್ತು. ತಮ್ಮ ತಯಾರಾಗಿ ಮೆಟ್ಟಿಲ ಮೇಲೆ ಕೂತಿದ್ದ, ಬಸ್ಸು ಬಾರದ ನಿಲ್ದಾಣದಲ್ಲಿ ಕೂತವನ ಹಾಗೆ. ಗೇಟಿನಾಚೆ ಉಳಿದ ನಾಲ್ವರ ಸೈಕಲ್ ಗಂಟೆಗಳು ಕೇಳಿಸಿದವು. ಅವನ ಹೆಂಡತಿ ಒಳಗೆ ಹೋಗಿ, ಚಳಿಗಾಲದ ರಜಾಯಿಗಳ ಪೆಟ್ಟಿಗೆ ತೆರೆದು, ರಜಾಯಿಯಲ್ಲಿ ಸುತ್ತಿಟ್ಟಿದ್ದ ಚಕ್ರವನ್ನು ಮಗುವಿನಂತೆ ಎತ್ತಿಕೊಂಡು ಬಂದಳು.

"ತಗೊಳ್ಳಿ. ಸಂಜೆ ಆರಕ್ಕೆ ಮನೇಲಿರ್ಬೇಕು. ಇಲ್ಲಾಂದ್ರೆ ಎರಡೂ ಚಕ್ರ ಹೋಗುತ್ತೆ."

ಅವನು ಚಕ್ರ ಸೇರಿಸುವಾಗ ನಾನು ಹೆಲ್ಮೆಟ್ ಕೈಗೆತ್ತಿಕೊಂಡು ಹಣೆಯ ಮೆತ್ತೆಯ ಹಿಂದೆ ಬೆರಳಾಡಿಸಿದೆ. ಏನೂ ಇರಲಿಲ್ಲ.

"ಅಲ್ಲಿ ಜಾಗ ಎಲ್ಲಿದೆ ಅಕ್ಕ," ಅಂದ ಅವನು.

ಆ ಭಾನುವಾರ ಬೆಳಿಗ್ಗೆ ಐದೂಮುಕ್ಕಾಲಿಗೆ ನನ್ನ ತಮ್ಮ ದೀಪಸ್ತಂಭಕ್ಕೆ ಹೊರಟ.