ಬೀರಲಿಂಗನ ಸಾಕ್ಷಿ

ಮಧ್ಯಾಹ್ನ ರೊಟ್ಟಿ ಬಡಿಯುತ್ತಿದ್ದ ಸುಧಾರಾಣಿ ಬಾಗಿಲಲ್ಲಿ ರಾಚಪ್ಪನನ್ನು ಕಂಡು ಗಾಬರಿಯಾದಳು. ಅವಳ ಗಂಡ ಬೀರಲಿಂಗನನ್ನು ಆಫ್ರಿಕಾದ ಒಂದು ದೇಶಕ್ಕೆ ಕೆಲಸಕ್ಕೆ ಕಳಿಸಿದ್ದ ಬಾಗಲಕೋಟೆಯ ಏಜೆಂಟ್ ಅವನು. ಕಮತಗಿಯ ಈ ಮನೆಗೆ ಎಂದೂ ಬಂದವನಲ್ಲ.

"ಚಾ ಬ್ಯಾಡ ತಂಗಿ," ಎನ್ನುತ್ತ ಕುಳಿತ. ಮಲಗಿದ್ದ ಮಗಳ ತಲೆ ಸವರಿದ. ಸುಧಾರಾಣಿ ಮಗಳನ್ನು ತನ್ನ ಕಡೆಗೆ ಎಳೆದುಕೊಂಡಳು.

ಅಲ್ಲಿ ಆದದ್ದು ಅವಳಿಗೂ ಗೊತ್ತಿತ್ತು. ಊರೂರಿಗೆ ಕಬ್ಬಿಣದ ನೀರಿನ ಟಾಕಿ ನಿಲ್ಲಿಸುವ ಗುತ್ತಿಗೆಯನ್ನು ಆ ದೇಶದ ಸರಕಾರ ಮಂತ್ರಿಯೊಬ್ಬನ ಅಳಿಯನಿಗೆ ಕೊಟ್ಟಿತ್ತು. ಒಂದು ಗೋಡೆಯನ್ನೂ ಕಟ್ಟಿಸಿ ಗೊತ್ತಿಲ್ಲದ ಮನುಷ್ಯ. ಮೊದಲನೆಯ ಟಾಕಿ ತುಂಬಿದ ದಿನವೇ ಉರುಳಿ, ಕೆಳಗೆ ಕೊಡ ಹಿಡಿದು ನಿಂತಿದ್ದ ಹೆಂಗಸರು ಸತ್ತರು. ತೆಳು ಕಬ್ಬಿಣ ತರಿಸಿದ್ದು ಅಳಿಯನೇ ಎಂಬುದನ್ನು ಅಲ್ಲಿ ಮೇಸ್ತ್ರಿಯಾಗಿದ್ದ ಬೀರಲಿಂಗ ಕಣ್ಣಾರೆ ಕಂಡಿದ್ದ. ಈಗ ವಿಚಾರಣೆ ನಡೆದಿತ್ತು. ಕೆಲಸಗಾರರ ಪಾಸ್‌ಪೋರ್ಟುಗಳೆಲ್ಲ ಅಳಿಯನ ಕಂಪನಿಯ ಕೈಯಲ್ಲಿದ್ದವು.

"ಸಾಕ್ಷಿ ಹೇಳೂವಾಗ, ವೆಲ್ಡಿಂಗ್ ಖರಾಬ ಇತ್ತು, ಆಸಿಫಂದ ತಪ್ಪು ಅನ್ನಾಕ ನಿನ್ನ ಗಂಡಗ ಹೇಳು," ಎಂದ ರಾಚಪ್ಪ. "ಮುಂದಿನ ವಾರ ನಿನ್ನ ಗಂಡ ಮನ್ಯಾಗ ಇರ್ತಾನ."

"ಇಲ್ಲಂದ್ರರಿ?"

"ಅದು ಭಾಳ ದೊಡ್ಡ ದೇಶ ಐತಿ ತಂಗಿ. ಮಂದಿ ಕಾಣದಂಗ ಆಗಿಬಿಡ್ತಾರ." ಅವನು ಮೆತ್ತಗೆ ಹೇಳಿ ಎದ್ದ.

ಟಾಕಿಗೆ ವೆಲ್ಡಿಂಗ್ ಮಾಡಿದ್ದ ಆಸಿಫ ಇಳಕಲ್ಲಿನವನು. ಬೀರಲಿಂಗನ ಜೊತೆಗೇ ಹೋಗಿ ಒಂದೇ ಕೋಣೆಯಲ್ಲಿ ಇದ್ದವನು. ಸುಧಾರಾಣಿ ಫೋನ್ ಕೈಯಲ್ಲಿ ಹಿಡಿದು ಬಹಳ ಹೊತ್ತು ಕುಳಿತಳು. ಒಂದು ಮಾತು ಹೇಳಿದರೆ ಗಂಡ ಬರುತ್ತಾನೆ, ಆಸಿಫ ಅಲ್ಲಿಯ ಜೈಲಿಗೆ ಹೋಗುತ್ತಾನೆ. ಹಾಗೆ ಹೇಳಬೇಕೆಂದೇ ಅವಳಿಗೆ ಅನಿಸಿತು. ಆಮೇಲೆ ಆಸಿಫನ ಮನೆಗೆಂದು ಮಗಳನ್ನು ಎತ್ತಿಕೊಂಡು ಇಳಕಲ್ಲಿನ ಬಸ್ ಹತ್ತಿದಳು. ಹಿಂದೆ ಬರುವ ಪ್ರತಿ ಕಾರೂ ರಾಚಪ್ಪನದೇ ಅನ್ನಿಸುತ್ತಿತ್ತು.

ಆಸಿಫನ ಹೆಂಡತಿ ಆಫ್ರೀನ ಎಲ್ಲ ಕೇಳಿ ಗೋಡೆಗೆ ಒರಗಿದಳು. "ನನಗ ಹೇಳದ ಇರಬಹುದಿತ್ತಲ್ರಿ ಅಕ್ಕಾ."

"ಹೇಳದ ಇರಾಕ ಆಗಲಿಲ್ಲ ತಂಗಿ."

ಅಲ್ಲಿಂದಲೇ ಫೋನ್ ಮಾಡಿದರು. ಬೀರಲಿಂಗನ ದನಿ ಪಿಸುಗುಡುತ್ತಿತ್ತು. "ಕಂಪನಿಯವ್ರು ನನಗೂ ಅದನ್ನ ಹೇಳ್ಯಾರ. ಹೊರಗ ಮಂದಿ ನಿಂತಾರ. ಏನ್ ಮಾಡ್ಲಿ ಹೇಳು."

"ಇಬ್ಬರೂ ಕೂಡೇ ನಮ್ಮ ದೇಶದ ರಾಯಭಾರ ಕಚೇರಿಗೆ ಹೋಗ್ರಿ. ಬಟ್ಟಿ ಅರಿವಿ ಸೈತ ತಗೋಬ್ಯಾಡ್ರಿ," ಎಂದಳು ಸುಧಾರಾಣಿ. "ಆಸಿಫನ್ನ ಬಿಟ್ಟು ನೀವೊಬ್ಬರ ಬರಬ್ಯಾಡ್ರಿ."

ಫೋನ್ ಕಟ್ಟಾಯಿತು. ಮತ್ತೆ ಹತ್ತಲಿಲ್ಲ. ರಾಚಪ್ಪನ ಕರೆಗಳು ಮಾತ್ರ ಬರುತ್ತಲೇ ಇದ್ದವು. ಇಬ್ಬರೂ ಎತ್ತಲಿಲ್ಲ, ಊಟವನ್ನೂ ಮಾಡಲಿಲ್ಲ. ಮರುದಿನ ಬೆಳಗ್ಗೆ ಗೊತ್ತಿಲ್ಲದ ನಂಬರಿನಿಂದ ಆಸಿಫ ಮಾತಾಡಿದ. "ರಾತ್ರಿ ಹಿಂದಿನ ಗೋಡಿ ಹಾರಿ ಬಂದ್ವಿ. ಕಚೇರಿ ಒಳಗ ಅದೀವಿ. ಇಬ್ಬರೂ." ಆಫ್ರೀನ ಆಗ ಅತ್ತಳು.

ಬೀರಲಿಂಗ ವಿಚಾರಣೆಯಲ್ಲಿ ಕಂಡದ್ದನ್ನು ಕಂಡಂತೆ ಹೇಳಿದ. ರಾಯಭಾರ ಕಚೇರಿ ಕೊಟ್ಟ ಕಾಗದದ ಮೇಲೆ ಮಳೆಗಾಲದ ಹೊತ್ತಿಗೆ ಇಬ್ಬರೂ ಊರು ಸೇರಿದರು. ಅಳಿಯನಿಗೆ ಏನೂ ಆಗಲಿಲ್ಲ. ಉಳಿದ ಟಾಕಿಗಳ ಗುತ್ತಿಗೆಯೂ ಅವನಿಗೇ ಸಿಕ್ಕಿತೆಂದು ಅಲ್ಲಿಯ ಗೆಳೆಯನೊಬ್ಬ ತಿಳಿಸಿದ.

"ಮತ್ತ ಅದ ತೆಳು ಕಬ್ಬಿಣ ಹಾಕ್ತಾನ," ಎಂದ ಬೀರಲಿಂಗ ಹೆಂಡತಿಗೆ.

ಹೊರಗೆ ಯಾವುದೋ ಕಾರು ನಿಂತ ಸದ್ದಾಯಿತು. ಸುಧಾರಾಣಿ ಎದ್ದು ಹೋಗಿ ಹಾಡಹಗಲಲ್ಲೇ ಬಾಗಿಲ ಚಿಲಕ ಹಾಕಿದಳು.